ಇವತ್ತು ದೋಣಿ ಇಲ್ಲ

ಎದ್ದು ಹೋಗುವ ಮುಂಚೆ ಇದೊಂದನ್ನು ಪೂರ್ತಿ ಕೇಳಿಬಿಡಿ. ಒಂದೇ ಒಂದು ಸಾಲಿನ ವಿಷಯ. ಆ ಒಂದು ಸಾಲನ್ನು ಸುನ್ವಾ ಮೂರು ವಾರ ಬಚ್ಚಿಟ್ಟಳು, ಅದೂ ಪ್ರೀತಿಯಿಂದ.

ಫೆರೋ ದ್ವೀಪಗಳ ತೋರ್ಸ್‌ಹಾವ್ನ್ ಊರಿನಲ್ಲಿ ನಾಲ್ಕೇ ಜನರ ಒಂದು ಆಫೀಸು. ದೋಣಿಯ ಟಿಕೆಟ್ ಕಾಯ್ದಿರಿಸುವ ವೆಬ್‌ಸೈಟು ಅವರ ಕೈಗೆ ಬಂದಿತ್ತು. ಹೊರದೇಶದಿಂದ ಕೊಂಡು ತಂದ ಸರಕು ಅದು, ಒಳಗೆಲ್ಲ ಇಂಗ್ಲಿಷ್. ಪ್ರತಿ ಪುಟಕ್ಕೂ ಒಂದೊಂದು ಅಚ್ಚು ಇರುತ್ತದೆ, ಟೆಂಪ್ಲೇಟ್ ಅಂತಾರೆ. ಇಪ್ಪತ್ತನಾಲ್ಕು ವರ್ಷದ ಸುನ್ವಾಳ ಕೆಲಸ, ಆ ಅಚ್ಚುಗಳೊಳಗೆ ಕೂತು ಜನ ಓದುವ ಪ್ರತಿ ಮಾತಿಗೂ ಒಂದು ಗುರುತು ಹಾಕುವುದು. ಗುರುತು ಬಿದ್ದ ಸಾಲುಗಳನ್ನೆಲ್ಲ ಯಂತ್ರ ಹೆಕ್ಕಿ ಒಂದು ಪಟ್ಟಿ ಮಾಡಿಕೊಡುತ್ತದೆ. ಪಟ್ಟಿಯಲ್ಲಿ ಒಂದೊಂದು ಸಾಲಿನ ಎದುರೂ ಫೆರೋ ಭಾಷೆಯ ಮಾತು ಬರೆದರೆ ಆಯಿತು. ಗುರುತು ಹಾಕಲು ಮರೆತ ಸಾಲು ಮಾತ್ರ ಇಂಗ್ಲಿಷಿನಲ್ಲೇ ಉಳಿದುಬಿಡುತ್ತದೆ.

ಹೆಕ್ಕಿದಾಗ ಸಿಕ್ಕಿದ್ದು ಒಂಬೈನೂರ ಹನ್ನೆರಡು ಸಾಲು. ಅನುವಾದಕ್ಕೆ ಹಿಡಿದದ್ದು ಮಾರ್ಯುನ್ ಅಜ್ಜಿಯನ್ನು. ಪಡುವಣ ತೀರದ ಹಳ್ಳಿಯ ದೋಣಿಕಟ್ಟೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕೂತವಳು. ವೆಬ್‌ಸೈಟು ಬರುತ್ತದೆಂದು ಕಿಟಕಿ ಮುಚ್ಚಿದ್ದರು. ಪ್ರಯಾಣಿಕರ ಹತ್ತಿರ ಹೇಗೆ ಮಾತಾಡಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ದಿನಕ್ಕೆ ಆರು ಸಲ ಅಜ್ಜಿಯ ಫೋನು.

"ಪುಟ್ಟಿ, ‘ಮುಂದುವರಿಯಿರಿ’ ಅಂತ ಒಂದು ಸಾಲಿದೆ. ಎಲ್ಲಿಗೆ?"

"ಅದು ಬಟನ್ ಅಜ್ಜಿ."

"ಬಟನ್ ಅಂತ ನಂಗೂ ಗೊತ್ತು ಕಣೇ. ಟಿಕೆಟ್ ತಗೊಂಡೋರಿಗಾ, ತಗೊಳ್ಳೋದೋ ಬೇಡವೋ ಅಂತ ಒದ್ದಾಡ್ತಾ ನಿಂತೋರಿಗಾ? ಇಬ್ಬರಿಗೂ ಒಂದೇ ಥರ ಹೇಳಕ್ಕಾಗುತ್ತಾ?"

ಸುನ್ವಾ ಪುಟ ತೆರೆದು ನೋಡಿ ಹೇಳಬೇಕು. ಅಜ್ಜಿ ಯೋಚಿಸಿ, ಎರಡು ಗುಟುಕು ಕಾಫಿ ಕುಡಿದು ಬರೆಯಬೇಕು. "ಇದ್ರಲ್ಲಿ ಚಳಿ ಇದೆ, ಟೋಪಿ ಹಾಕೊಂಡು ಬನ್ನಿ ಅಂತ ಎಲ್ಲೂ ಹೇಳಿಲ್ವಲ್ಲೇ," ಎಂದು ಗೊಣಗಬೇಕು. ಹೀಗೆ ಒಂಬೈನೂರ ಹನ್ನೆರಡೂ ಮುಗಿದು, ಸೆಪ್ಟೆಂಬರಿನಲ್ಲಿ ವೆಬ್‌ಸೈಟು ಶುರುವಾಯಿತು. ಫೋನುಗಳು ನಿಂತವು. ಒಂದು ಸಲ ಸುನ್ವಾ ತಾನಾಗಿ ಮಾತಾಡಿಸಿದಾಗ ಅಜ್ಜಿಯ ದನಿ ಒಲೆ ಆರಿದ ಮನೆಯಂತಿತ್ತು.

ಅಕ್ಟೋಬರಿನ ಮೊದಲ ಬಿರುಗಾಳಿಗೆ ದೋಣಿ ರದ್ದಾಯಿತು. ಎಲ್ಲ ಫೆರೋ ಭಾಷೆಯಲ್ಲಿದ್ದ ಪುಟದ ನಟ್ಟನಡುವೆ ಒಂದು ಸಾಲು ಮಾತ್ರ ಇಂಗ್ಲಿಷ್: ಹವಾಮಾನದ ಕಾರಣ ಇಂದಿನ ಸಂಚಾರ ರದ್ದು. ಸುನ್ವಾ ಕಡತ ತೆರೆದು ಹುಡುಕಿದಳು. ಆ ಸಾಲು ಪುಟದ ಅಚ್ಚಿನಲ್ಲಿರದೆ, ರದ್ದಾದ ದಿನ ಮಾತ್ರ ಬಂದು ಕೂರುವ ಒಂದು ತುಂಡಿನಲ್ಲಿತ್ತು. ಆ ತುಂಡಿಗೆ ಅವಳು ಗುರುತೇ ಹಾಕಿರಲಿಲ್ಲ. ಎರಡು ನಿಮಿಷದ ಕೆಲಸ.

ಅನುವಾದ ಕೇಳಲು ಅಜ್ಜಿಗೆ ಫೋನು ಹಚ್ಚಿದಳು. ಬಿಜಿ. ಮತ್ತೆ ಬಿಜಿ. ಒಂದು ಗಂಟೆಯಾದ ಮೇಲೆ ಸಿಕ್ಕಳು.

"ಉಸಿರಾಡೋಕೆ ಪುರುಸೊತ್ತಿಲ್ಲ ಕಣೇ. ಆಚೆ ದ್ವೀಪದ ಹನ್ನೊಂದು ಮನೆಗೂ ಫೋನ್ ಮಾಡಿದೆ. ದೋಣಿ ಇಲ್ಲ ಅಂತ ನಿನ್ನ ವೆಬ್‌ಸೈಟು ಇಂಗ್ಲಿಷಲ್ಲಿ ಹೇಳ್ತಿದೆ, ಅವರಿಗೆಲ್ಲಿ ಅರ್ಥ ಆಗ್ಬೇಕು? ಹೈನಿ ಅಂತೂ ಅವನ ಕುರಿಗಳ ಕಥೆಯೆಲ್ಲಾ ಹೇಳ್ದ. ಬಿಡ್ಲೇ ಇಲ್ಲ ಮುದುಕ." ಅಜ್ಜಿ ನಗುತ್ತಿದ್ದಳು. ವೆಬ್‌ಸೈಟು ಶುರುವಾದ ಮೇಲೆ ಸುನ್ವಾ ಆ ನಗು ಕೇಳಿಯೇ ಇರಲಿಲ್ಲ. "ನೀನ್ಯಾಕೆ ಮಾಡಿದ್ದು?"

ಸುನ್ವಾಳ ಬೆರಳು ಆ ಸಾಲಿನ ಮೇಲೇ ಇತ್ತು.

"ಸುಮ್ನೆ ಅಜ್ಜಿ. ಗಾಳಿ ಹೇಗಿದೆ ಅಂತ ಕೇಳೋಣ ಅಂತ."

ಗುರುತು ಹಾಕದೆಯೇ ಕಡತ ಮುಚ್ಚಿದಳು. ಆಫೀಸಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುವುದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಮೂರು ವಾರದಲ್ಲಿ ನಾಲ್ಕು ಬಿರುಗಾಳಿ. ನಾಲ್ಕು ಸಲವೂ ಸುನ್ವಾ ಅಜ್ಜಿಯ ನಂಬರು ಒತ್ತಿ ನೋಡಿದಳು. ಬಿಜಿ ಅನ್ನುವ ಸದ್ದು ಕೇಳಿ ಸಮಾಧಾನವಾಗಿ ಫೋನು ಇಟ್ಟಳು.

ಆಮೇಲೆ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ತೋರ್ಸ್‌ಹಾವ್ನ್‌ಗೆ ಬಂದಳು. ಅವತ್ತು ಆಕಾಶ ತಿಳಿಯಾಗಿತ್ತು, ಗಾಳಿಯೂ ಇಲ್ಲ, ಆದರೆ ಪಡುವಣದಿಂದ ಅಲೆ ಎದ್ದು ದೋಣಿ ಹೊರಡಲಿಲ್ಲ. ಮಾರನೆಯ ದಿನ ಸುನ್ವಾ ನೋಡಲು ಹೋದಾಗ ಅಜ್ಜಿ ತಂಗಿಮಗಳ ಮನೆಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಮುಂದೆ ರೂಬಾರ್ಬ್ ಅನ್ನುವ ಹುಳಿದಂಟಿನ ಜಾಮು ಸವರಿದ ಬ್ರೆಡ್ಡು ಮುಟ್ಟದೆ ಒಣಗುತ್ತಿತ್ತು.

"ಹೈನಿ ನಿನ್ನೆ ಅಲೆ ನೀರು ಎರಚ್ತಿದ್ರೂ ಕಟ್ಟೆ ಮೇಲೆ ಮೂರು ಗಂಟೆ ನಿಂತಿದ್ನಂತೆ. ಮೊಮ್ಮಗಳ ನಾಮಕರಣಕ್ಕೆ ಅಂತ ಒಣಮಾಂಸದ ತೊಡೆ ಕಂಕುಳಲ್ಲಿ ಇಟ್ಕೊಂಡು. ಒಳಗೆ ಹೋಗೋ ಅಂದ್ರೆ, ‘ಮಾರ್ಯುನ್ ಫೋನ್ ಮಾಡಿಲ್ಲ, ಅಂದ್ರೆ ದೋಣಿ ಬರುತ್ತೆ’ ಅಂದ್ನಂತೆ. ಈಗ ಜ್ವರ." ಅಜ್ಜಿ ಪಟ್ಟಿಯ ಅಂಚು ಸರಿಮಾಡಿಕೊಂಡಳು. "ನಾನು ಹಾಸಿಗೆ ಮೇಲೆ ಬಿದ್ಕೊಂಡಿದ್ದೆ."

ಸುನ್ವಾ ಹೇಳಿಬಿಟ್ಟಳು. ಗುರುತು ಮರೆತದ್ದು, ಸಿಕ್ಕಿದ್ದು, ಮುಚ್ಚಿದ್ದು, ಬಿಜಿ ಸದ್ದು, ಎಲ್ಲ.

ಅಜ್ಜಿ ಒಂದೇ ಕಣ್ಣಿನಲ್ಲಿ ಅವಳನ್ನು ಬಹಳ ಹೊತ್ತು ನೋಡಿದಳು.

"ನಂಗೋಸ್ಕರ ಹೈನಿನ ಕಟ್ಟೆ ಮೇಲೆ ನೀರಲ್ಲಿ ನೆನೆಸಿದ್ಯಾ?"

"ನೀವು ನಗ್ತಿದ್ರಿ ಅಜ್ಜಿ."

"ನಗ್ತಿದ್ದೆ, ಹೌದು. ನನ್ನನ್ನೇ ಒಂದು ಮಾತು ಕೇಳ್ಬೋದಿತ್ತಲ್ಲ ಪುಟ್ಟಿ. ಮೂವತ್ತೊಂದು ವರ್ಷದಲ್ಲಿ ನಾನು ಒಬ್ಬರನ್ನೂ ಕಟ್ಟೆ ಮೇಲೆ ನಿಲ್ಲಿಸಿಲ್ಲ. ತೆಗಿ ನಿನ್ನ ಡಬ್ಬಿ. ಬರ್ಕೋ."

ಸುನ್ವಾ ಲ್ಯಾಪ್‌ಟಾಪು ತೆರೆದು ಗುರುತು ಹಾಕಿದಳು. ಪಟ್ಟಿಯಲ್ಲಿ ಒಂಬೈನೂರ ಹದಿಮೂರನೆಯ ಸಾಲು ಬಂದು ಕೂತಿತು.

"ಇವತ್ತು ದೋಣಿ ಇಲ್ಲ. ಒಳಗೇ ಇರಿ, ಕಾಫಿ ಇಡಿ."

"ಇಂಗ್ಲಿಷಲ್ಲಿ ಕಾಫಿ ಇಲ್ಲ ಅಜ್ಜಿ."

"ಬೇಕಾದ್ರೆ ಅವರೂ ಸೇರಿಸ್ಕೊಳ್ಳಲಿ, ನಾನೇನು ಬೇಡ ಅಂದ್ನಾ?"

ಮಾತು ಉದ್ದವಾಗಿ ಪುಟದಲ್ಲಿ ಅದಕ್ಕಿದ್ದ ಚೌಕದಿಂದ ಆಚೆ ಇಣುಕಿತು. ಸುನ್ವಾ ಮಾತು ಕತ್ತರಿಸಲಿಲ್ಲ, ಚೌಕವನ್ನೇ ಅಗಲ ಮಾಡಿದಳು. ಅಜ್ಜಿ ಆ ಬ್ರೆಡ್ಡನ್ನು ಅರ್ಧ ಮುರಿದು ಅವಳ ಕೈಗಿಟ್ಟಳು.

ಮುಂದಿನ ಬಿರುಗಾಳಿಗೆ ಹನ್ನೊಂದು ಮನೆಯವರೂ ಓದಿಕೊಂಡು ಒಳಗೇ ಉಳಿದರು, ಜ್ವರ ಬಿಟ್ಟಿದ್ದ ಹೈನಿಯೂ. ಸುನ್ವಾ ಅಜ್ಜಿಯ ನಂಬರು ಒತ್ತಿದಳು. ಬಿಜಿ ಇರಲಿಲ್ಲ. ಮೊದಲ ರಿಂಗಿಗೇ ಅಜ್ಜಿ ಎತ್ತಿದಳು.

"ಯಾಕೇ, ಏನಾಯ್ತು? ಇನ್ನೊಂದು ಸಾಲು ಸಿಕ್ತಾ?"

"ಇಲ್ಲ ಅಜ್ಜಿ. ಇವತ್ತು ದೋಣಿ ಇಲ್ಲ ಅಂತ ಹೇಳೋಣ ಅಂತ ಮಾಡಿದೆ."

ಆ ಕಡೆ ಗಾಳಿ ಕಿಟಕಿ ಬಡಿಯುವ ಸದ್ದು, ಕೆಟಲಿನ ಸದ್ದು.

"ಓದಿದೆ," ಅಂದಳು ಅಜ್ಜಿ. "ಯಾರೋ ಚೆನ್ನಾಗೇ ಬರೆದಿದ್ದಾರೆ. ಗಾಳಿ ಹೇಗಿದೆ ಅಲ್ಲಿ?"

ಆಮೇಲೆ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಆದರೂ ಆ ಮೂರು ವಾರ ಸುನ್ವಾಳನ್ನು ಈಗಲೂ ಚುಚ್ಚುತ್ತದೆ. ಎರಡು ನಿಮಿಷದ ಕೆಲಸ ಬೆರಳ ತುದಿಯಲ್ಲಿತ್ತು, ಕಿವಿಯಲ್ಲಿ ಆ ನಗು ಇತ್ತು. ಆ ಹೊತ್ತಿನಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?