ನುಣುಪು ನೆಲ

ಸುತ್ತಿಗೆ ತಪ್ಪಿ ಹೆಬ್ಬೆರಳಿಗೆ ಬಿದ್ದರೂ ಸೊಸೆ ಏಳಲಿಲ್ಲ. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಉಳಿ ಹಿಡಿದು ಮತ್ತೆ ಕುಟ್ಟಿದಳು. ಕೊಟ್ಟಿಗೆಯ ಸಿಮೆಂಟು ನೆಲದಲ್ಲಿ ಎರಡನೆಯ ಗೆರೆ ಮೂಡಿತು.

ಮಾವ ಪಕ್ಕದ ಕಬ್ಬಿಣದ ಕಂಬಿ ಹಿಡಿದು ಬಾಗಿಲಲ್ಲೇ ನಿಂತರು. ಈ ನೆಲ ಅವರ ಹೆಮ್ಮೆ. ಹೋದ ವರ್ಷ ಹಳೇ ಕಲ್ಲು ಕೀಳಿಸಿ, ಗಾರೆಯವನ ಬೆನ್ನು ಬಿಡದೆ ನಿಂತು, ಮುಖ ಕಾಣುವಷ್ಟು ನಯ ಮಾಡಿಸಿದ್ದರು. ಬಂದವರಿಗೆಲ್ಲ ಹಸುಗಳಿಗಿಂತ ಮೊದಲು ನೆಲ ತೋರಿಸುತ್ತಿದ್ದರು.

"ತಲೆಗಿಲೆ ಕೆಟ್ಟಿದೆಯೇನಮ್ಮಾ? ನಾಳೆ ದಲ್ಲಾಳಿ ಬಂದು ಆ ಗೊಡ್ಡನ್ನ ಕರ್ಕೊಂಡು ಹೋಗ್ತಾನೆ. ಅದಕ್ಕೆ ನನ್ನ ನೆಲ ಯಾಕೆ ಹಾಳು ಮಾಡ್ತೀಯ?"

"ಅದು ಗೊಡ್ಡಲ್ಲ ಮಾವ."

ಗಯ್ಯಾಳಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹಾಯುವುದರಲ್ಲೂ ಒದೆಯುವುದರಲ್ಲೂ ಎತ್ತಿದ ಕೈಯಾದ್ದರಿಂದ ಆ ಹಸುವಿಗೆ ಆ ಹೆಸರು. ಕರು ಹಾಕಿ ಆರು ತಿಂಗಳಾದರೂ ಅದು ಬೆದೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹಿಂಡಿ ಹೆಚ್ಚಿಸಿದ್ದಾಯಿತು, ಖನಿಜದ ಪುಡಿ ತಿನ್ನಿಸಿದ್ದಾಯಿತು. ದನದ ಡಾಕ್ಟರಮ್ಮ ಕೈ ಹಾಕಿ ನೋಡಿ, "ಗರ್ಭಕೋಶ ಚೆನ್ನಾಗಿದೆ, ಬೆದೆಗೂ ಬರ್ತಿದೆ, ನಿಮ್ಮ ಕಣ್ಣಿಗೆ ಬೀಳ್ತಿಲ್ಲ ಅಷ್ಟೆ," ಎಂದಿದ್ದರು. ಆ ಮಾತು ಸೊಸೆಯ ತಲೆಯಲ್ಲಿ ಕೊರೆಯುತ್ತಿತ್ತು. ಬೆದೆಗೆ ಬಂದ ಹಸು ಇನ್ನೊಂದರ ಮೇಲೆ ಹತ್ತಬೇಕು, ಇಲ್ಲವೇ ಇನ್ನೊಂದು ಹತ್ತಿದಾಗ ಕದಲದೆ ನಿಲ್ಲಬೇಕು. ಜಾರುವ ಈ ನೆಲದ ಮೇಲೆ ಯಾವ ಹಸುವಿಗೆ ಆ ಧೈರ್ಯ ಬಂದೀತು? ಕರು ಹಾಕಿದ ಮರುವಾರವೇ ಗಯ್ಯಾಳಿ ಜಾರಿ ಬಿದ್ದಿತ್ತು. ಅಂದಿನಿಂದ ಅದು ಗೋಡೆ ಬಿಟ್ಟು ಬಂದಿರಲಿಲ್ಲ.

"ಇಂಥಾ ನೆಲ ಸುತ್ತಮುತ್ತ ಎಲ್ಲೂ ಇಲ್ಲ," ಎಂದರು ಮಾವ.

"ಕಂಬಿ ಹಿಡ್ಕೊಳ್ಳದೆ ನೀವೇ ಇದರ ಮೇಲೆ ಒಂದು ಹೆಜ್ಜೆ ಇಡಿ ನೋಡೋಣ."

ಮಾವನ ಕೈ ಆಗಲೂ ಕಂಬಿಯ ಮೇಲೆಯೇ ಇತ್ತು. ಅದನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು.

"ಇಪ್ಪತ್ತೊಂದು ದಿನ ಕೊಡಿ, ಬೆದೆಯ ಒಂದು ಸುತ್ತು. ಅಷ್ಟರಲ್ಲಿ ಬೆದೆ ಕಾಣದಿದ್ರೆ ನಾನೇ ಹಗ್ಗ ಹಿಡಿದು ಲಾರಿ ಹತ್ತಿಸ್ತೀನಿ. ಅಲ್ಲೀತನಕ ದಲ್ಲಾಳಿ ಬಂದ್ರೆ ಈ ಸುತ್ತಿಗೆ ಇದ್ದೇ ಇದೆ."

"ಒಂದೇ ಮನೇಲಿ ಎರಡು ಗಯ್ಯಾಳಿ," ಎಂದು ಗೊಣಗುತ್ತ ಮಾವ ದಲ್ಲಾಳಿಗೆ ಆಮೇಲೆ ಬಾ ಎನ್ನಲು ಹೊರಟುಹೋದರು.

ಗೊರಸಿಗೆ ಹಿಡಿತ ಸಿಗುವಂತೆ ಗೆರೆ ಕೊರೆಯಲು ಒಂಬತ್ತು ದಿನ ಹಿಡಿಯಿತು. ಅಂಗೈ ಬೊಬ್ಬೆ ಒಡೆದು, ನೀರಿನ ತೊಟ್ಟಿಯ ಪಕ್ಕದ ಒಂದು ಮೂಲೆ ಮಾತ್ರ ಹಾಗೇ ಉಳಿಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ದಲ್ಲಾಳಿ ಬಂದೇಬಿಟ್ಟ. "ಎರಡು ದಿನ ಹಿಂದುಮುಂದಾದ್ರೆ ಏನಮ್ಮ," ಎನ್ನುತ್ತ ಹೆಗಲ ಮೇಲಿನ ಹಗ್ಗ ತೆಗೆದ. ಮಾವ ಅವನ ಹಿಂದೆ ನಿಂತು ಬೇರೆಲ್ಲೋ ನೋಡುತ್ತಿದ್ದರು. ಸೊಸೆ ಬಾಗಿಲಿಗೆ ಅಡ್ಡ ನಿಂತಳು.

"ಮಾತು ಅಂದ್ರೆ ಮಾತು. ಒಳಗೆ ಕಾಲಿಡಿ, ಆಮೇಲೆ ಹೇಳ್ತೀನಿ."

ಅವಳ ಬೆನ್ನ ಹಿಂದೆ ಗೊರಸಿನ ಸದ್ದಾಯಿತು. ತಿರುಗಿ ನೋಡಿದರೆ ಜೊತೆಯ ಕರಿ ಹಸು ಗಯ್ಯಾಳಿಯ ಬೆನ್ನೇರಿತ್ತು. ಗಯ್ಯಾಳಿ ಕೊಟ್ಟಿಗೆಯ ನಟ್ಟನಡುವೆ, ನಾಲ್ಕೂ ಕಾಲು ಊರಿ, ಒಂದಿಷ್ಟೂ ಕದಲದೆ ನಿಂತಿತ್ತು. ಸೊಸೆ ಬಾಗಿಲು ಬಿಡಲಿಲ್ಲ.

"ಗರ್ಭ ಕಟ್ಟಿಸೋಕೆ ಸಂಜೆಗೆ ಡಾಕ್ಟರಮ್ಮನ್ನ ಕರೀಬೇಕು ಮಾವ. ಇವರನ್ನ ಕಳಿಸಿಬಿಡಿ."

ದಲ್ಲಾಳಿ ಹಗ್ಗ ಸುತ್ತಿಕೊಂಡು ಹೋದ. ಮಾವ ಹೊಸ್ತಿಲಲ್ಲಿ ಬಗ್ಗಿ ಒಂದು ಗೆರೆಯ ಮೇಲೆ ಬೆರಳಾಡಿಸಿದರು.

"ಆ ಉಳಿ ಎಲ್ಲಿಟ್ಟಿದ್ದೀಯ?"

ಸೊಸೆ ಗೋಡೆಯ ಗೂಡಿನ ಕಡೆ ಕೈ ತೋರಿಸಿದಳು. "ಗೆರೆ ಬೆರಳಗಲ ಇರಲಿ," ಎಂದಳು.

ಮಾವ ಉಳಿ, ಸುತ್ತಿಗೆ ತೆಗೆದುಕೊಂಡು, ಕಂಬಿ ಮುಟ್ಟದೆ ಒಳಗೆ ನಡೆದು, ತೊಟ್ಟಿಯ ಪಕ್ಕ ಇನ್ನೂ ಹೊಳೆಯುತ್ತಿದ್ದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತರು.