ಒಂದು ಮೊರ ಹುಣಸೆಯ ದೂರ

ದೈವಾನೈ ಹುಣಸೆಹಣ್ಣನ್ನು ಕಲ್ಲಿನ ಮೇಲೆ ನಿಲ್ಲಿಸಿ, ಕಬ್ಬಿಣದ ತುಂಡಿನಿಂದ ಒಂದೇ ಏಟು ಕೊಟ್ಟಳು. ಬೀಜ ಚಿಮ್ಮಿ ಬೇವಿನ ಮರದ ಬುಡಕ್ಕೆ ಹೋಯಿತು. ನಾರೆಳೆದು ತಿರುಳನ್ನು ಬುಟ್ಟಿಗೆ ಹಾಕಿ ಇನ್ನೊಂದು ಹಣ್ಣಿಗೆ ಕೈಯಿಟ್ಟಳು. ಎದುರಿಗೆ ಮೊರದ ತುಂಬ ಹುಣಸೆ. ಮೊರದಾಚೆ, ನೀರಿನ ಚೊಂಬಿಗೆ ಒರಗಿಸಿಟ್ಟ ಸೊಸೆಯ ಫೋನು. ಫೋನಿನೊಳಗೆ ಒಂದು ನೀಲಿ ಚುಕ್ಕೆ.

ಪರದೆ ಕಪ್ಪಾಯಿತು. ಬೆರಳಿನಿಂದ ಮುಟ್ಟಿದಳು. ಹುಣಸೆ ಮೆತ್ತಿದ ಬೆರಳನ್ನು ಫೋನು ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮುಟ್ಟಿದರೂ ಒಪ್ಪಲಿಲ್ಲ. ಕೊನೆಗೆ ಬಾಗಿ, ಮೂಗಿನ ತುದಿಯಿಂದ ಒತ್ತಿದಳು. ಬೆಳಕು ಬಂತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಪಾಂಡೀಶ್ವರಿಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಫೋನಿಗೆ ಮುತ್ತು ಕೊಡ್ತಿದೀರಾ?"

"ನಿನ್ ಮಗಳಿಗೆ ಕೊಡ್ತಿದೀನಿ. ಅವಳು ಇದರೊಳಗೆ ತಾನೆ ಇರೋದು," ಎಂದಳು ದೈವಾನೈ.

ಮಾತು ಸುಳ್ಳಲ್ಲ. ಆ ಚುಕ್ಕೆ ಎಂದರೆ ಅಭಿರಾಮಿ. ಹದಿಮೂರು ತುಂಬಿದ ಮೊಮ್ಮಗಳು. ಶನಿವಾರ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಅಪ್ಪನ ಬೈಕಿನಲ್ಲಿ ಉತ್ತಮಪಾಳಯಂ ಮೈದಾನಕ್ಕೆ ಹೋಗಿ ಓಟದ ಅಭ್ಯಾಸ ಮಾಡುತ್ತಾಳೆ, ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಬರುತ್ತಾಳೆ. ಒಬ್ಬಳೇ ಎನ್ನುವುದು ಅವಳಪ್ಪ ಮುತ್ತುಕುಮಾರನಿಗೆ ಸರಿಬೀಳಲಿಲ್ಲ. ತನ್ನ ಹಳೆಯ ಫೋನನ್ನು ಮಗಳ ಚೀಲಕ್ಕೆ ಹಾಕಿ, ಅದು ಎಲ್ಲಿದೆ ಎಂದು ತನ್ನ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಕಾಣುವ ಹಾಗೆ ಮಾಡಿದ್ದ. ಅದಕ್ಕೆ ಹೊಸದಾಗಿ ಏನನ್ನೂ ತರಬೇಕಾಗಿರಲಿಲ್ಲ, ಆ ಅನುಕೂಲ ಫೋನಿನ ಹೊಟ್ಟೆಯಲ್ಲೇ ಇತ್ತಂತೆ. ಆದರೆ ಅವನೋ ಆ ಹೊತ್ತಿನಲ್ಲಿ ದ್ರಾಕ್ಷಿ ಚಪ್ಪರದಡಿ ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡಿರುತ್ತಾನೆ. ಕಾಯುವ ಕೆಲಸ ದೈವಾನೈಗೆ ಬಂತು.

"ಅವ್ವಾ, ಚುಕ್ಕೆ ರೋಡು ಬಿಟ್ಟು ಆ ಕಡೆ ಈ ಕಡೆ ಹೋದ್ರೆ ತಕ್ಷಣ ನಂಗೆ ಫೋನ್ ಮಾಡು," ಎಂದಿದ್ದ.

ಅಭಿರಾಮಿ ಅಜ್ಜಿಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದಳು. ನಕ್ಷೆಯ ಮೇಲೆ ಜಾಗ ಗುರುತಿಸಿ ಅದಕ್ಕೊಂದು ಹೆಸರಿಟ್ಟರೆ, ಚುಕ್ಕೆ ಅಲ್ಲಿ ಮುಟ್ಟಿದ ಕೂಡಲೇ ಎರಡೂ ಫೋನುಗಳು ಕೂಗುತ್ತವೆ. "ನೀನೇ ಹೆಸರಿಡು ಅಪ್ಪತ್ತಾ," ಎಂದಿದ್ದಳು. ಅಪ್ಪನ ತಾಯಿಯನ್ನು ಈ ತಮಿಳು ಸೀಮೆಯಲ್ಲಿ ಕರೆಯುವುದೇ ಹಾಗೆ. ದೈವಾನೈ ಅಕ್ಷರ ಕಲಿತದ್ದು ಮುತ್ತುಕುಮಾರ ಹಾಲುಹಲ್ಲಿನ ಹುಡುಗನಾಗಿದ್ದಾಗ, ಊರ ಚಾವಡಿಯ ರಾತ್ರಿ ಶಾಲೆಯಲ್ಲಿ. ಅವನು ಅವಳ ತೊಡೆಯ ಮೇಲೆ ಮಲಗಿರುತ್ತಿದ್ದ, ಅವಳು ಅವನ ಬೆನ್ನ ಮೇಲೆ ಸ್ಲೇಟು ಇಟ್ಟುಕೊಂಡು ಬರೆಯುತ್ತಿದ್ದಳು. ಕಲಿತದ್ದು ತಮಿಳಿನ ಅಕ್ಷರ. ಮನೆಯ ಮಾತು ಕನ್ನಡ. ಅದನ್ನು ಬರೆಯುವ ಅಕ್ಷರ ಆ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ಹಾಗಾಗಿ ಅವಳು ಮನೆಯ ಮಾತನ್ನೇ ತಮಿಳು ಅಕ್ಷರದಲ್ಲಿ, ಒಂದೊಂದಾಗಿ ಒತ್ತಿ ಒತ್ತಿ ಬರೆದಿದ್ದಳು: ಶಾಲೆಗೊಂದು ಹೆಸರು, ಮನೆಗೊಂದು, ಕಾಲುವೆಯ ದಂಡೆಯ ಮೇಲಿರುವ ತಮ್ಮ ದೇವರ ಗುಡಿಗೊಂದು.

ಚುಕ್ಕೆ ರಸ್ತೆ ಬಿಟ್ಟದ್ದು ಆರು ವಾರದ ಹಿಂದೆ. ಅವಳು ಮಗನಿಗೆ ಫೋನ್ ಮಾಡಲಿಲ್ಲ.

ಮಾಡಬೇಕೆಂದು ಕೈ ತೊಳೆದುಕೊಂಡು ಎದ್ದದ್ದು ನಿಜ. ಅಷ್ಟರಲ್ಲಿ ಚುಕ್ಕೆ ಹೋಗುತ್ತಿದ್ದ ದಾರಿ ಗುರುತು ಹತ್ತಿತು. ಕಾಲುವೆಯ ಏರಿ. ಮದುವೆಯಾಗಿ ಬಂದ ಹೊಸತರಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ತಾನೇ ನಡೆದ ದಾರಿ. ಅಲ್ಲಿ ಬಸ್ಸು ಹೋಗುವುದಿಲ್ಲ. ನಡೆಯುವವರು ಇಷ್ಟು ಬೇಗ ಮುಂದೆ ಬರುವುದೂ ಇಲ್ಲ. ಚುಕ್ಕೆಯಿಂದ ಕಣ್ಣು ತೆಗೆಯದೆ ಮತ್ತೆ ಕೂತು ಹುಣಸೆ ಬಿಡಿಸಿದಳು. ಮೊರ ಬರಿದಾಗುವ ಹೊತ್ತಿಗೆ ಹುಡುಗಿ ಬಾಗಿಲಲ್ಲಿದ್ದಳು. ಕೆನ್ನೆ ಕೆಂಪು, ಶೂ ತುಂಬ ಏರಿಯ ಕೆಮ್ಮಣ್ಣು.

"ಏನ್ ನನ್ ಕಣ್ಣು, ಇವತ್ತು ಬಸ್ಸೊಳಗೆ ಕೆಮ್ಮಣ್ಣು ಸುರಿದಿದ್ರಾ?"

ಅಭಿರಾಮಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು. "ಅಪ್ಪಂಗೆ ಹೇಳ್ಬೇಡ ಅಪ್ಪತ್ತಾ. ಬಸ್ಸು ಮೂರು ಊರು ಸುತ್ಕೊಂಡು ಬರುತ್ತೆ. ನಾನು ಅದಕ್ಕಿಂತ ಮುಂಚೆ ಬಂದ್ಬಿಡ್ತೀನಿ."

ಅಂದಿನಿಂದ ಅದು ಇಬ್ಬರ ಗುಟ್ಟು. ದೈವಾನೈಗೆ ಗಡಿಯಾರದ ಮುಳ್ಳು ನೋಡುವ ಅಭ್ಯಾಸವಿಲ್ಲ. ಚುಕ್ಕೆ ಮೈದಾನ ಬಿಟ್ಟ ಕೂಡಲೇ ಮೊರಕ್ಕೆ ಹುಣಸೆ ತುಂಬಿಕೊಂಡು ಕೂರುತ್ತಾಳೆ. ಮೊದಲ ವಾರ ಮೊರ ಪೂರ್ತಿ ಬರಿದಾಗಿತ್ತು. ಮೂರನೆಯ ವಾರ ಹುಡುಗಿ ಬಂದಾಗ ಎರಡು ಹಿಡಿ ಉಳಿದಿತ್ತು. ಕಳೆದ ವಾರ ಕಾಲು ಮೊರ. ತನ್ನ ಕೈ ನಿಧಾನವಾಯಿತೇನೋ ಎಂದು ಅನುಮಾನ ಬಂದು, ನೆರೆಮನೆಯ ನಾಗಮ್ಮಾಳನ್ನು ಪಂದ್ಯಕ್ಕೆ ಕರೆದು, ಅವಳಿಗಿಂತ ಮುಂಚೆ ಒಂದು ಮೊರ ಮುಗಿಸಿ ತೋರಿಸಿದಳು. ಕೈ ನೆಟ್ಟಗೇ ಇತ್ತು. ಹುಡುಗಿಯೇ ಜೋರಾಗುತ್ತಿದ್ದಳು.

ಇಷ್ಟಾದರೂ ಒಂದು ಕಾಗದ ದೇವರ ಪಟದ ಹಿಂದೆ ಸಿಕ್ಕಿಕೊಂಡು ಕೂತಿತ್ತು. ಓಟದ ಟೀಚರ್ ಇಂದ್ರಾಣಿ ಹುಡುಗಿಯನ್ನು ಪೆರಿಯಕುಳಂ, ಬತ್ತಲಗುಂಡು ದಾರಿಯಲ್ಲಿ ದಿಂಡುಕ್ಕಲ್ಲಿಗೆ ಕರೆದುಕೊಂಡು ಹೋಗಿ ಆಯ್ಕೆಗೆ ಓಡಿಸಿದ್ದರು. ಅಷ್ಟು ಹುಡುಗಿಯರ ನಡುವೆ ಅಭಿರಾಮಿ ಎರಡನೆಯವಳಾದಳು. ಅಲ್ಲಿನ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಹೆತ್ತವರ ಒಪ್ಪಿಗೆ ಪತ್ರ ಹೋಗಬೇಕು, ಅಷ್ಟೇ. ಟೀಚರೇ ಕವರಿನ ಮೇಲೆ ವಿಳಾಸ ಬರೆದು ಕೊಟ್ಟಿದ್ದರು. ಮುತ್ತುಕುಮಾರ ಪತ್ರವನ್ನೂ ಬರೆದ. ಸಹಿ ಹಾಕಲಿಲ್ಲ. ಇಪ್ಪತ್ತೆರಡು ದಿನವಾಯಿತು. ಬುಧವಾರದೊಳಗೆ ತಲುಪದಿದ್ದರೆ ಆ ಜಾಗ ಬೇರೆ ಹುಡುಗಿಗೆ.

"ಹಾಕ್ತೀನಿ, ಹಾಕ್ತೀನಿ," ಎನ್ನುತ್ತಿದ್ದ. ಹಾಸ್ಟೆಲಿನ ನಿಯಮದ ಹಾಳೆಯ ಒಂದು ಸಾಲು ಅವನ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ದೈವಾನೈಗೆ ಗೊತ್ತು: ಮಕ್ಕಳ ಬಳಿ ಫೋನು ಇರಕೂಡದು, ಭಾನುವಾರ ಮಾತ್ರ ಹಾಸ್ಟೆಲಿನ ಫೋನಿನಲ್ಲಿ ಮಾತು. ಅಂದರೆ ಚುಕ್ಕೆ ಇರುವುದಿಲ್ಲ.

ಈ ಶನಿವಾರ ಮೊರ ಅರ್ಧಕ್ಕೆ ಇಳಿದಿತ್ತು. ಫೋನು ಟಣ್ ಎಂದಿತು. ಚುಕ್ಕೆ ಗುಡಿ ಮುಟ್ಟಿತ್ತು. ಅರ್ಧ ಮೊರಕ್ಕೇ ಗುಡಿ! ದೈವಾನೈಗೆ ಎದ್ದು ಕುಣಿಯಬೇಕೆನಿಸಿತು. ಮಂಡಿ ಒಪ್ಪುವುದಿಲ್ಲ ಎಂದು ಸುಮ್ಮನಾದಳು.

ಸ್ವಲ್ಪ ಹೊತ್ತಿಗೆ ಬೈಕು ಅಂಗಳದೊಳಕ್ಕೇ ನುಗ್ಗಿತು. ಮುತ್ತುಕುಮಾರನ ಬೆನ್ನಿನಿಂದ ಔಷಧದ ಡಬ್ಬಿ ಇನ್ನೂ ಇಳಿದಿರಲಿಲ್ಲ. ಮುಖಕ್ಕೆ ಕಟ್ಟಿದ ಟವೆಲು ಕೊರಳಿಗೆ ಜಾರಿತ್ತು. ಬೇರೆ ಶನಿವಾರಗಳಲ್ಲಿ ಔಷಧ ಹೊಡೆಯುವಾಗ ಅವನ ಫೋನು ಬೈಕಿನ ಪೆಟ್ಟಿಗೆಯಲ್ಲಿರುತ್ತಿತ್ತು, ಅಂದು ಟೀ ಕುಡಿಯಲು ಕೂತವನು ಅದನ್ನು ನೋಡಿಬಿಟ್ಟಿದ್ದ.

"ಅವ್ವಾ! ಚುಕ್ಕೆ ನೋಡ್ತಾ ಕೂತ್ಕೊಂಡು ಏನ್ ಮಾಡ್ತಿದೀಯ ನೀನು? ಕಾಲ್ವೆ ಏರಿ ಮೇಲೆ ಬತ್ತಾವ್ಳೆ! ನಡಿಗೆ ಅಲ್ಲ ಅದು, ಅಷ್ಟು ಜೋರು. ಯಾವನದೋ ಬೈಕ್ ಹತ್ತಿದಾಳೆ!"

"ಮೊದ್ಲು ಬೈಕ್ ನಿಲ್ಸೋ. ನನ್ ಹುಣಸೆ ಮೇಲೆ ಹೊಗೆ ಬಿಡ್ಬೇಡ."

"ಹುಣಸೆ ಅಂತೆ ಹುಣಸೆ! ಇಲ್ಲಿ ನೋಡು." ಫೋನನ್ನು ಅವಳ ಮುಖಕ್ಕೆ ಹಿಡಿದ. "ಫೋನೇ ಹೇಳ್ತಿದೆ. ಅಭಿರಾಮಿ ಕುಡಿ ತಲುಪಿದಳು. ಕುಡಿ! ಏರಿ ಮೇಲೆ ಯಾವನ್ ಅವ್ವಾ ಕುಡಿಯೋ ಅಂಗಡಿ ಇಟ್ಟಿರೋದು?"

ಸೌಟು ಹಿಡಿದೇ ಓಡಿಬಂದ ಪಾಂಡೀಶ್ವರಿ ಅಯ್ಯಯ್ಯೋ ಎಂದು ಬಾಯಿಗೆ ಕೈ ಇಟ್ಟಳು.

ದೈವಾನೈ ಕಣ್ಣು ಕಿರಿದು ಮಾಡಿ ಆ ಪದವನ್ನು ನೋಡಿದಳು. ತಾನೇ ಒತ್ತಿ ಒತ್ತಿ ಬರೆದ ಪದ. ತಮಿಳಿನಲ್ಲಿ 'ಕ'ಗೂ 'ಗ'ಗೂ ಇರುವುದು ಒಂದೇ ಅಕ್ಷರ. ಮನೆಯ ಮಾತು ಎಂದುಕೊಂಡು ಓದಿದರೆ ಗುಡಿ, ತಮಿಳು ಎಂದುಕೊಂಡು ಓದಿದರೆ ಕುಡಿ.

ಅವಳಿಗೆ ನಗು ಹೊಟ್ಟೆಯಿಂದ ಉಕ್ಕಿ ಬಂತು. "ಲೇ ಮುತ್ತು, ನೀನು ಪನ್ನೆರಡು ಕ್ಲಾಸು ಓದಿದೋನು. ನಮ್ ಮಾತಲ್ಲಿ ಓದು ನೋಡ್ಡಾ ಅದನ್ನ."

ಅವನ ತುಟಿ ಅಲುಗಿತು. "ಕು... ಗು... ಗುಡಿ?"

"ನಮ್ ದೇವ್ರು ಗುಡಿ. ನಾನೇ ಬರ್ದೆ. ನಿನ್ ಅವ್ವ ಬರ್ದಿದ್ದನ್ನ ಓದಿ, ನಿನ್ ಮಗಳನ್ನ ಕುಡಿಯೋರ್ ಜೊತೆ ಸೇರಿಸ್ದೆ ನೋಡು!"

ಪಾಂಡೀಶ್ವರಿ ಸೆರಗು ಬಾಯಿಗಿಟ್ಟು ನಗುತ್ತಾ ಒಳಗೆ ಹೋದಳು. ಮುತ್ತುಕುಮಾರ ನಗಲಿಲ್ಲ. "ಸರಿ, ಗುಡಿನೇ ಇರ್ಲಿ. ಯಾರ ಬೈಕಲ್ಲಿ ಬಂದ್ಳು?"

"ಬಾ, ತೋರಿಸ್ತೀನಿ," ಎಂದು ದೈವಾನೈ ಅವನ ಭುಜ ಹಿಡಿದುಕೊಂಡು ಎದ್ದಳು.

ಮನೆಯ ಹಿತ್ತಲು ದಾಟಿದರೆ ಕಾಲುವೆಯ ಕಿರುಸೇತುವೆ. ಇಬ್ಬರೂ ಅಲ್ಲಿ ನಿಂತರು. ಏರಿಯ ಎರಡೂ ಕಡೆ ತೆಂಗು, ಅದರಾಚೆ ಬಾಳೆ, ಬಾಳೆಯಾಚೆ ಬೆಟ್ಟ. ದೂರದಲ್ಲಿ ಕೊಕ್ಕರೆಗಳು ಒಮ್ಮೆಲೇ ಎದ್ದವು. ಅವುಗಳ ಕೆಳಗಿನಿಂದ ಹುಡುಗಿ ಬಂದಳು.

ಚೀಲವನ್ನು ಬೆನ್ನಿಗೆ ದುಪಟ್ಟದಿಂದ ಬಿಗಿಯಾಗಿ ಕಟ್ಟಿಕೊಂಡಿದ್ದಳು. ತಲೆ ಅಲುಗುತ್ತಿರಲಿಲ್ಲ, ಕಾಲು ಮಾತ್ರ ಆಡುತ್ತಿತ್ತು. ಏರಿಯ ಮೇಲೆ ಮಲಗಿದ್ದ ಎಮ್ಮೆಯನ್ನು ಸುತ್ತಲಿಲ್ಲ, ಅದರ ಬಾಲ ದಾಟಿ ಹಾರಿದಳು. ಎಮ್ಮೆ ತಿರುಗಿ ನೋಡುವಷ್ಟರಲ್ಲಿ ಅವಳು ಇತ್ತ ಬಂದಾಗಿತ್ತು.

ದೈವಾನೈ ಮೊಮ್ಮಗಳನ್ನು ನೋಡಲಿಲ್ಲ, ಮಗನ ಮುಖ ನೋಡಿದಳು. ಇವನು ಒಂದು ದಿನವೂ ಮಗಳ ಓಟ ಕಂಡವನಲ್ಲ. ಶಾಲೆಯಲ್ಲಿ ಓಟವಿದ್ದಾಗಲೆಲ್ಲ ತೋಟದಲ್ಲಿ ದ್ರಾಕ್ಷಿ ಕೊಯ್ಲು. ಚುಕ್ಕೆಯನ್ನು ನೋಡಿದ್ದ, ಹುಡುಗಿಯನ್ನು ನೋಡಿರಲಿಲ್ಲ. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಬೆನ್ನಿನ ಡಬ್ಬಿಯ ಪಟ್ಟಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಅಪ್ಪನನ್ನು ಕಂಡದ್ದೇ ಅಭಿರಾಮಿ ಗಕ್ಕನೆ ನಿಂತಳು. ಉಸಿರು ಎಳೆದುಕೊಳ್ಳುತ್ತಾ ಅಜ್ಜಿಯ ಕಡೆ ನೋಡಿದಳು.

"ನಾನ್ ಹೇಳ್ಲಿಲ್ಲ ಕಣ್ಣು. ಫೋನೇ ಚಾಡಿ ಹೇಳ್ತು," ಎಂದಳು ದೈವಾನೈ.

"ಬಸ್ ಬರ್ಲಿಲ್ವಾ?" ಎಂದ ಮುತ್ತುಕುಮಾರ. ದನಿ ಅವನದಾಗಿರಲಿಲ್ಲ.

"ಬಂತು ಅಪ್ಪಾ. ಅದು ಇನ್ನೂ ಆಚೆ ಊರಲ್ಲಿರುತ್ತೆ."

"ಗುಡಿ ಹತ್ರ ಯಾಕ್ ನಿಂತೆ?"

"ಕೈ ಮುಗಿದು, ಅಲ್ಲಿ ನಲ್ಲಿಲಿ ನೀರ್ ಕುಡಿದೆ."

ದೈವಾನೈ ಮಗನ ಬೆನ್ನು ತಟ್ಟಿದಳು. "ಹಂಗಾದ್ರೆ ನೀ ಓದಿದ್ದೂ ಸರಿನೇ ಬಿಡು. ಗುಡಿನೂ ಆಯ್ತು, ಕುಡಿನೂ ಆಯ್ತು."

ಈಗ ಅವನಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡು, ಔಷಧ ಕಣ್ಣಿಗೆ ಬಿತ್ತು ಎಂದ. ಮೂವರೂ ಮನೆಯ ಕಡೆ ನಡೆದರು. ಹಿತ್ತಲಲ್ಲಿ ಅವನು ಡಬ್ಬಿ ಇಳಿಸಿ ಕಲ್ಲಿನ ಮೇಲೆ ಕೂತ.

"ಅವ್ವಾ, ಅಲ್ಲಿಗೆ ಹೋದ್ರೆ ಚುಕ್ಕೆ ಇರಲ್ಲ," ಎಂದ ಮೆಲ್ಲಗೆ.

"ಇರಲ್ಲ."

"ಎಲ್ಲಿದಾಳೆ, ಏನು ಅಂತ ಗೊತ್ತಾಗಲ್ಲ."

"ಆರು ವಾರ ಚುಕ್ಕೆ ಇತ್ತು. ನಿಂಗೆ ಏನ್ ಗೊತ್ತಾಯ್ತು ಹೇಳು?"

ಅವನು ಎದ್ದು ಕೈ ಕಾಲು ತೊಳೆದು ಒಳಗೆ ಹೋದ. ದೇವರ ಪಟ ಗೋಡೆಗೆ ತಗುಲಿದ ಸದ್ದು ಹೊರಗೆ ಕೇಳಿಸಿತು. ಬರುವಾಗ ಪತ್ರದ ಕೆಳಗೆ ಅವನ ಸಹಿ ಇತ್ತು. ಶಾಯಿ ಇನ್ನೂ ಒದ್ದೆ. ಪಾಂಡೀಶ್ವರಿ ಅನ್ನದ ಅಗುಳು ತಂದು ಕವರು ಅಂಟಿಸಿದಳು.

"ಶನಿವಾರ ಉತ್ತಮಪಾಳಯಂನಲ್ಲಿ ರಿಜಿಸ್ಟರ್ ತಪಾಲು ಬೇಗ ಮುಚ್ಚಿಬಿಡ್ತಾರೆ. ಬೈಕ್ ತೆಗೀತೀನಿ ಇರು," ಎಂದ ಮುತ್ತುಕುಮಾರ.

"ನಿನ್ ಬೈಕು ರೋಡ್ ಸುತ್ಕೊಂಡು, ಸಂತೆ ಎಲ್ಲಾ ದಾಟಿ ಹೋಗೋದು," ಎಂದಳು ದೈವಾನೈ. "ಕಾಗದ ಯಾರದೋ, ಅವರೇ ಹಾಕ್ಲಿ."

ಅಭಿರಾಮಿ ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಗಟಗಟನೆ ಒಂದು ಚೊಂಬು ಮಜ್ಜಿಗೆ ಕುಡಿದು, ಕವರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಚೀಲದಿಂದ ಫೋನು ತೆಗೆದು ಅಪ್ಪನಿಗೆ ಕೊಟ್ಟಳು.

"ಇದು ಭಾರ ಅಪ್ಪಾ. ಇಟ್ಕೊಂಡಿರಿ."

ಹೋದಳು. ಮುತ್ತುಕುಮಾರನ ಕೈಯಲ್ಲಿ ಎರಡು ಫೋನು. ಚುಕ್ಕೆ ಅಂಗಳದಲ್ಲೇ, ಅವನ ಕೈಯಲ್ಲೇ ಕೂತಿತ್ತು. ಅವನು ಒಮ್ಮೆ ಬಾಗಿಲಿಗೆ, ಒಮ್ಮೆ ಬೇವಿನ ಮರಕ್ಕೆ ಹೋಗಿ ಬಂದ.

"ಕೂತ್ಕೋಡಾ," ಎಂದು ದೈವಾನೈ ಗೋಣಿಯಿಂದ ಹೊಸದಾಗಿ ಮೊರ ತುಂಬಿಕೊಂಡಳು. ಇನ್ನೊಂದು ಕಬ್ಬಿಣದ ತುಂಡು ಅವನ ಕೈಗಿಟ್ಟು, ಮರುಕ್ಷಣವೇ ಹಿಂದಕ್ಕೆ ತೆಗೆದುಕೊಂಡಳು. "ಬೇಡ, ನೀನು ನಾರು ತೆಗಿ ಸಾಕು. ನೀನು ಏಟು ಹಾಕಿದ್ರೆ ನನ್ ಅಳತೆ ಕೆಡುತ್ತೆ."

ಅವನು ನಾರು ತೆಗೆದ. ಅವಳು ಬೀಜ ಹಾರಿಸಿದಳು. ಮೊರದ ಬಿದಿರು ಒಂದು ಅಂಚಿನಿಂದ ಕಾಣತೊಡಗಿತು.

"ಈಗ ಗುಡಿ," ಎಂದಳು ಕಾಲು ಮೊರ ಮುಗಿದಾಗ. "ಈ ಸಲ ನೀರಿಗೆ ನಿಲ್ಲಲ್ಲ ಅವಳು."

ಮತ್ತೆ ಏಟು, ಮತ್ತೆ ನಾರು. ಕಾಲು ಮೊರ ಉಳಿದಾಗ ಅವಳ ಕೈ ನಿಂತಿತು. "ತಪಾಲಾಫೀಸ್ ಮೆಟ್ಲು ಹತ್ತಿದ್ಳು."

"ನಿಂಗೆಂಗೆ ಗೊತ್ತು ಅವ್ವಾ?"

ಅವಳು ಬರಿದಾಗುತ್ತಿದ್ದ ಮೊರವನ್ನು ತೋರಿಸಿ ನಕ್ಕಳು. ಉಳಿದ ಹುಣಸೆಗೆ ಕೈ ಹಾಕುವ ಹೊತ್ತಿಗೆ ಮುತ್ತುಕುಮಾರನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವನು ಹುಣಸೆ ಮೆತ್ತಿದ ಬೆರಳಿನಿಂದ ಒತ್ತಿದ. ಫೋನು ಒಪ್ಪಲಿಲ್ಲ. ಮತ್ತೆ ಒತ್ತಿದ. ಕೊನೆಗೆ ಬಾಗಿ ಮೂಗಿನಿಂದ ಒತ್ತಿದ.

"ಅಪ್ಪಾ," ಎಂದಿತು ಏದುಸಿರಿನ ದನಿ, "ಇಲ್ಲಿ ತಪಾಲಾಫೀಸ್ ಅಕ್ಕನ ಫೋನಿಂದ ಮಾತಾಡ್ತಿದೀನಿ. ಮುದ್ರೆ ಹೊಡೆದ್ರು. ರಸೀದಿ ಕೊಟ್ರು. ದಿಂಡುಕ್ಕಲ್ ಚೀಲಕ್ಕೆ ಹಾಕಿದ್ದನ್ನ ನನ್ ಕಣ್ಣಾರೆ ನೋಡ್ದೆ. ಕಾಗದ ಹೋಯ್ತು ಅಪ್ಪಾ."