ಐಸಿನ ಮೇಲಿನ ಕೈ

"ಹೆಣದ ಕೈ ಇನ್ನೊಂಚೂರು ಈಚೆ ಬರ್ಲಿ," ಎಂದ ನಿರ್ದೇಶಕ.

ಪೆಟ್ಟಿಗೆಗಳ ಹಿಂದೆ, ಟಾರ್ಪಾಲಿನ ಮರೆಯಲ್ಲಿ ಮಲಗಿದ್ದ ಅವ್ವನ ಬಲಗೈಯನ್ನು ಮಗಳು ಎತ್ತಿ ಐಸಿನ ರಾಶಿಯ ಅಂಚಿಗಿಟ್ಟಳು. ಲಕ್ವ ಹೊಡೆದಂದಿನಿಂದ ಆ ಕೈಯನ್ನು ತೊಳೆದವಳೂ, ಎಣ್ಣೆ ತಿಕ್ಕಿದವಳೂ, ರವಿಕೆಯ ತೋಳಿಗೆ ತೂರಿಸಿದವಳೂ ಅವಳೇ. ಒಂದು ಕಾಲಕ್ಕೆ ಸಿಗಡಿ ಸುಲಿಯುವುದರಲ್ಲಿ ಅವ್ವನನ್ನು ಮೀರಿಸುವವರು ಈ ಶೆಡ್ಡಿನಲ್ಲಿ ಇರಲಿಲ್ಲ. ಎಲ್ಲರೂ ಮಿಂಚಕ್ಕ ಎಂದೇ ಕರೆಯುತ್ತಿದ್ದರು. ಟಿವಿಯವರ ಕೊಲೆ ಧಾರಾವಾಹಿಗೆ ಐಸಿನ ಮೇಲೆ ನಡುಗದೆ ಬಿದ್ದಿರುವ ಕೈ ಬೇಕೆಂದಾಗ ಸುಲಿಯುವ ಹೆಂಗಸರೆಲ್ಲ ಕಣ್ಣು ತಗ್ಗಿಸಿ ಅವ್ವನ ಹೆಸರನ್ನೇ ಹೇಳಿದ್ದರು.

"ಹೆಣ ಆಗೋಕೂ ಪುಣ್ಯ ಮಾಡಿರ್ಬೇಕು ಕಣ್ರೇ," ಎಂದು ಅವ್ವ ಸೊಟ್ಟ ಬಾಯಲ್ಲೇ ನಕ್ಕಿದ್ದಳು. "ಎಡಗೈ ಮಾತ್ರ ಕೇಳ್ಬೇಡಿ, ಅದಿನ್ನೂ ಬದುಕಿದೆ."

ಮಗಳಿಗೆ ನಗು ಬಂದಿರಲಿಲ್ಲ. ಅವ್ವನ ಕೈ ವಾಪಸು ಕೊಡಪ್ಪಾ ಎಂದು ದಿನವೂ ದೇವರನ್ನು ಕಾಡಿ ಕಾಡಿ, ಈಚೆಗೆ ಕೇಳುವುದನ್ನೇ ಬಿಟ್ಟು ಅವನ ಮುಂದೆ ಸುಮ್ಮನೆ ನಿಂತು ಬರುತ್ತಿದ್ದಳು.

"ಇದು ಕೊಲೆಗಾರನ ಸುಳಿವು," ಎನ್ನುತ್ತ ನಿರ್ದೇಶಕ ಸುಲಿಯದ ಸಿಗಡಿಯೊಂದನ್ನು ಆ ಅಂಗೈಯಲ್ಲಿಟ್ಟ. ದೀಪಗಳು ಉರಿದವು. ಕ್ಯಾಮೆರಾ ಹತ್ತಿರ ಸರಿಯಿತು.

ಹೆಬ್ಬೆರಳು ಅಲುಗಿತು.

ಮಗಳು ಕಣ್ಣುಜ್ಜಿಕೊಂಡಳು. ಹೆಬ್ಬೆರಳು ಸಿಗಡಿಯ ಬೆನ್ನ ಮೇಲೆ, ಕತ್ತಲ ಮನೆಯಲ್ಲಿ ಗೋಡೆ ಹಿಡಿದು ನಡೆಯುವವರಂತೆ, ತಡವುತ್ತ ಸಾಗಿತು. ತಲೆಯ ಬುಡ ಸಿಕ್ಕಿತು. ಒತ್ತಿತು. ತಲೆ ಕಳಚಿ ಐಸಿನ ಮೇಲೆ ಬಿತ್ತು.

"ಕಟ್! ಹೆಣ ಅಲ್ಲಾಡ್ತಿದೆಯಲ್ರೀ! ಈ ಕೈಗೆ ಸ್ವಾಧೀನವೇ ಇಲ್ಲ ಅಂದ್ರಿ?"

ಆ ತುದಿಯಿಂದ ಈ ತುದಿಯವರೆಗೆ ಸುಲಿಯುವ ಕೈಗಳೆಲ್ಲ ನಿಂತಿದ್ದವು. ಎಲ್ಲೋ ನಲ್ಲಿಯೊಂದು ತೊಟ್ಟಿಕ್ಕುವುದು ಕೇಳುತ್ತಿತ್ತು.

ಟಾರ್ಪಾಲಿನ ಹಿಂದಿನಿಂದ ಅವ್ವನ ದನಿ ಬಂತು. "ಯಾಕ್ರೇ ಎಲ್ರೂ ಗಪ್‌ಚುಪ್ಪಾದ್ರಿ? ನಿಜವಾಗ್ಲೂ ಸತ್ತೋದ್ನಾ ನಾನು?"

ನಿರ್ದೇಶಕ ಮತ್ತೇನೋ ಹೇಳಲು ಬಾಯಿ ತೆರೆದ. ಕ್ಯಾಮೆರಾದವನು ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟ. ಮಗಳು ಬುಟ್ಟಿಗೆ ಕೈಹಾಕಿ ಇನ್ನೊಂದು ಸಿಗಡಿ ತೆಗೆದಳು. ನೈವೇದ್ಯ ಇಡುವಷ್ಟು ಮೆತ್ತಗೆ ಅದನ್ನು ಅವ್ವನ ಅಂಗೈಯಲ್ಲಿಟ್ಟು, ಐಸಿನ ಪಕ್ಕದಲ್ಲೇ ಮಂಡಿಯೂರಿ ಕುಳಿತಳು.

ಐಸು ಕರಗಿ ಒಂದು ಹನಿ ಅವ್ವನ ಮಣಿಕಟ್ಟಿನಿಂದ ಇಳಿಯಿತು. ಹೆಬ್ಬೆರಳು ಸಿಗಡಿಯ ತಲೆಯನ್ನು ಹುಡುಕಿಕೊಂಡು ಹೊರಟಿತು.